ಟವೆಲ್ ಕೆಳಗಿನ ಕೈ

ಅಫಜಲಪುರದಲ್ಲಿ ನಾನು ಗುಮಾಸ್ತೆಯಾಗಿದ್ದ ತೊಗರಿ ಮಾರಾಟದ ಸಹಕಾರಿ ಸಂಘ ಈಗ ಇಲ್ಲ. ಅದನ್ನು ಮುಳುಗಿಸಿದವಳು ನಾನೇ ಎಂದು ಅದರ ಹಳೆಯ ಅಧ್ಯಕ್ಷರು ಸಾಯುವವರೆಗೂ ಹೇಳಿಕೊಂಡು ತಿರುಗಿದರು. ನಾನು ಕೇಳಿದ್ದು ಬಡ್ತಿ, ಅಷ್ಟೇ.

ಎಂಬತ್ತರ ದಶಕದ ಮಾತು. ಆಗ ನಮ್ಮ ಸಂಘದಲ್ಲಿ ತೊಗರಿಯ ದರವನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಸವಾಲಿನ, ಅಂದರೆ ಹರಾಜಿನ, ಗುಮಾಸ್ತ ರಾಶಿಯ ಪಕ್ಕ ನಿಂತು ಬಲಗೈ ಮೇಲೆ ಟವೆಲ್ ಹೊದಿಸಿಕೊಳ್ಳುತ್ತಿದ್ದ. ವ್ಯಾಪಾರಿಗಳು ಒಬ್ಬೊಬ್ಬರಾಗಿ ಬಂದು ಅದರ ಕೆಳಗೆ ಕೈ ಹಾಕಿ, ಅವನ ಬೆರಳು ಒತ್ತಿ ತಮ್ಮ ದರ ತಿಳಿಸಿ ಹೋಗುತ್ತಿದ್ದರು. ಯಾವ ಬೆರಳನ್ನು ಹೇಗೆ ಒತ್ತಿದರೆ ಎಷ್ಟು ಎಂಬುದು ಅವರವರಿಗೇ ಗೊತ್ತು. ಎಲ್ಲರದೂ ಮುಗಿದ ಮೇಲೆ ಗುಮಾಸ್ತ ಒಬ್ಬ ವ್ಯಾಪಾರಿಯತ್ತ ತಲೆ ಆಡಿಸಿದರೆ ಮಾಲು ಅವನದು. ಬೆಳೆದವನು ಅಷ್ಟು ಹೊತ್ತೂ ಟವೆಲ್ ಅಲ್ಲಾಡುವುದನ್ನು ನೋಡುತ್ತ ನಿಂತಿರಬೇಕು. ಅತನೂರಿನಿಂದ ಬಂಡಿ ಕಟ್ಟಿಕೊಂಡು ಬರುತ್ತಿದ್ದ ನಮ್ಮಪ್ಪನೂ ಹಾಗೆ ನಿಂತವನೇ. ದರ ಎಷ್ಟೆಂದು ಅವನಿಗೆ ಆಮೇಲೆ ಆಫೀಸಿನಲ್ಲಿ ಹೇಳುತ್ತಿದ್ದರು.

ಹಳೆಯ ಸವಾಲಿನ ಗುಮಾಸ್ತರು ನಿವೃತ್ತರಾದಾಗ ಸರದಿಯ ಪ್ರಕಾರ ಆ ಜಾಗ ನನ್ನದು. ಆಡಳಿತ ಮಂಡಳಿಯವರು ಸಭೆ ಸೇರಿ, ಚಹಾ ಕುಡಿದು, ನಾನೇ ಕೆಲಸ ಕಲಿಸಿಕೊಟ್ಟಿದ್ದ ಒಬ್ಬ ಕಿರಿಯನನ್ನು ನೇಮಿಸಿದರು. ಆಮೇಲೆ ಅಧ್ಯಕ್ಷರು ನನ್ನನ್ನು ಕರೆದು ಸಮಾಧಾನ ಹೇಳಿದರು.

“ನೀ ಶಾಣ್ಯಾಕಿ ಅದಿ, ಇಲ್ಲ ಅನ್ನಂಗಿಲ್ಲ. ಆದ್ರ ಪರಗಂಡಸರ ಕೈ ಹಿಡಕೊಂಡು ನಿಂದ್ರತಿ ಏನು? ನಿಮ್ಮಪ್ಪನ ಮಾನ ನಾವೂ ನೋಡಬೇಕಲ್ಲ.”

ನಮ್ಮಪ್ಪನ ಮಾನದ ಉಸಾಬರಿ ಅವರಿಗೆ ಯಾವಾಗ ಅಂಟಿಕೊಂಡಿತೋ ನಾನರಿಯೆ. ಅದೇ ಅಪ್ಪ ಬಂದರೆ ಕೂಡು ಎಂದೂ ಅನ್ನದೆ ಬಿಸಿಲಲ್ಲಿ ನಿಲ್ಲಿಸಿ ಮಾತಾಡುತ್ತಿದ್ದವರು ಅವರು. ನನಗೆ ಮೈಯೆಲ್ಲ ಉರಿಯಿತು. ಊರಿಗೆ ಹೋಗಿ ಅಪ್ಪನಿಗೆ ಹೇಳಿದೆ. ಅವನು ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಬಂದು, “ನನ್ನ ಮಾನ ನಾ ನೋಡ್ಕೋತೇನಿ. ನೀ ಕೋರ್ಟಿಗೆ ಹೋಗು,” ಎಂದ.

ಗುಲ್ಬರ್ಗಾ ಕೋರ್ಟಿನಲ್ಲಿ ಆಳಂದದ ಮುಸ್ಲಿಂ ವಕೀಲರೊಬ್ಬರು ನನ್ನ ಕೇಸು ಹಿಡಿದರು. ತಾರೀಖಿನ ಮೇಲೆ ತಾರೀಖು ಬಿತ್ತು. ಕುರ್ಚಿ ಸಿಕ್ಕಿ ಕೆಲಸ ಬರದಿದ್ದರೆ ನಗೆಪಾಟಲಾಗುತ್ತದೆಂದು ನಾನು ಆ ಬಿಡುವಿನಲ್ಲಿ ಬೆರಳಿನ ಲೆಕ್ಕ ಕಲಿಯಲು ಹೊರಟೆ. ಕಲಿಸಿದವರು ನಿವೃತ್ತ ಗುಮಾಸ್ತರೇ. ಅವರಾಗ ಜೇವರ್ಗಿ ಕಡೆ ಇಜೇರಿಯಲ್ಲಿದ್ದರು. ಅವರೂ ನನ್ನ ಕೈ ಮುಟ್ಟಲಿಲ್ಲ. ತಮ್ಮ ಎಡಗೈಯನ್ನು ತಮ್ಮ ಬಲಗೈಯಿಂದಲೇ ಒತ್ತಿ ತೋರಿಸಿದರು. ಮುಟ್ಟಿ ಅಭ್ಯಾಸ ಮಾಡಲು ಅಪ್ಪನೇ ಬೇಕಾಯಿತು. ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅವ್ವನ ಹಳೇ ಸೀರೆಯ ತುಂಡಿನ ಕೆಳಗೆ ನಾವಿಬ್ಬರೂ ವ್ಯಾಪಾರ ಮಾಡುತ್ತಿದ್ದೆವು. ತಲೆ ನೆರೆಯುವವರೆಗೆ ತೊಗರಿ ಮಾರಿದ್ದ ಅಪ್ಪ ಬಟ್ಟೆಯ ಕೆಳಗೆ ಕೈ ಹಾಕಿದ್ದು ಅದೇ ಮೊದಲು.

ನ್ಯಾಯಾಧೀಶರು ಮೈಸೂರು ಕಡೆಯವರು. ಟವೆಲ್ಲಿನ ವಿಷಯ ಅವರ ತಲೆಗೆ ಹತ್ತಲೇ ಇಲ್ಲ. ಮಾಡಿ ತೋರಿಸಿ ಎಂದರು. ಕಟಕಟೆಯಲ್ಲಿದ್ದ ಅಧ್ಯಕ್ಷರು ತಮ್ಮ ವಕೀಲರ ಕೈ ಹಿಡಿದು ಮೇಲೆ ಟವೆಲ್ ಹಾಕಿಕೊಂಡರು. ಹಿಡಿದ ಮೇಲೆ ಅಭ್ಯಾಸಬಲ, ಬಿಡಲೇ ಇಲ್ಲ. ವಕೀಲರು ಏನೂ ತಿಳಿಯದೆ ತಿರುಗಿ ಒತ್ತಿದರು. ವ್ಯವಹಾರ ಒಂದು ಹದಕ್ಕೆ ಬರುವ ಹೊತ್ತಿಗೆ ನ್ಯಾಯಾಧೀಶರು ಸಾಕು ಎಂದರು.

ನನ್ನ ವಕೀಲರು ಎದ್ದರು. “ಅಧ್ಯಕ್ಷರ, ನಿಮ್ಮ ಮನಿಯೊಳಗ ಹೆಣ್ಣುಮಕ್ಕಳಿಗೆ ಬಳಿ ಇಡಸೋರು ಯಾರ್ರಿ?”

“ಬಳಿಗಾರ್ರಿ.”

“ಗಂಡಸೋ, ಹೆಂಗಸೋ?”

“ಗಂಡಸೇರಿ. ಆದ್ರ ಅಂವ ಮಾರಿ ನೋಡಂಗಿಲ್ರಿ, ಕೈ ಅಷ್ಟ ಹಿಡೀತಾನ.”

“ಇಲ್ಲಿ ಕೈನೂ ಕಾಣಂಗಿಲ್ಲಲ್ರಿ. ಮ್ಯಾಲ ಟವೆಲ್ ಅದ.”

ಅಧ್ಯಕ್ಷರು ನೀರು ಕೇಳಿದರು. ತೀರ್ಪು ಇಂಗ್ಲಿಷಿನಲ್ಲಿ ಬಂತು. ಹೊರಗೆ ಬೇವಿನ ಗಿಡದ ಕೆಳಗೆ ನಿಂತು ನನ್ನ ವಕೀಲರು ಅದನ್ನು ಕನ್ನಡಕ್ಕಿಳಿಸಿದರು: “ಹೆಣ್ಣು ಅಂತ ಕೆಲಸ ತಪ್ಪಿಸಾಕ ಬರಂಗಿಲ್ಲ. ಜಾಗಾ ನಿಮ್ದೇ.” ನನಗೆ ಅಳು ಬಂತು. ಗುಲ್ಬರ್ಗಾದಲ್ಲಿ ಯಾರಿಗೂ ನನ್ನ ಗುರುತಿರಲಿಲ್ಲ, ಹಾಗಾಗಿ ಅತ್ತುಬಿಟ್ಟೆ.

ಅಧ್ಯಕ್ಷರು ಆದೇಶಕ್ಕೆ ತಲೆಬಾಗಿ ನನಗೊಂದು ಹೊಸ ಟವೆಲ್ ಕೊಟ್ಟರು. ಕೊಡುವಾಗ ಹೇಳಿದರು: “ಕೋರ್ಟು ನಿನಗ ಜಾಗಾ ಕೊಡಿಸ್ಯಾದ. ಕೈ ಹಾಕ್ರಿ ಅಂತ ವ್ಯಾಪಾರಿಗಳಿಗೇನು ಹೇಳಿಲ್ಲ. ಸವಾಲು ನಡೀಲಿಲ್ಲ ಅಂದ್ರ, ಈಕಿಗೆ ಕೆಲಸ ಬರಂಗಿಲ್ಲ ಅಂತ ಬರದು ನಿನ್ನ ತಗೀತೀವಿ, ನೋಡು.”

ಸುಗ್ಗಿಯ ಮೊದಲ ಸವಾಲು. ಬಂದ ಸರದಿಯಲ್ಲಿ ರಾಶಿ ಹಾಕುವುದು ಪದ್ಧತಿ. ಎಲ್ಲರಿಗಿಂತ ಮೊದಲು ಬಂಡಿ ತಂದು ನಿಲ್ಲಿಸಿದವನು ನಮ್ಮಪ್ಪ. ನಾನು ಅವನ ರಾಶಿಯ ಪಕ್ಕ ನಿಂತು, ಕೈ ಚಾಚಿ, ಟವೆಲ್ ಹಾಕಿಕೊಂಡೆ. ವ್ಯಾಪಾರಿಗಳು ಸಾಲಾಗಿ ನಿಂತರು, ಎಲ್ಲರ ಕೈಯೂ ಬೆನ್ನ ಹಿಂದೆ. ಒಬ್ಬರೂ ಮುಂದೆ ಬರಲಿಲ್ಲ. ಕೆಲವರು ಮುಗಿಲು ನೋಡಿದರು. ಅಲ್ಲಿ ಮೋಡವೂ ಇರಲಿಲ್ಲ. ನನ್ನ ಕೈ ಸೋಲತೊಡಗಿತು. ಅಧ್ಯಕ್ಷರು ಆಫೀಸಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕೈ ಇಳಿಸಿದರೆ ಕೆಲಸ ಹೋಯಿತೆಂದು ನನಗೆ ಗೊತ್ತಿತ್ತು.

ಕೊನೆಗೆ ಒಬ್ಬ ವಯಸ್ಸಾದ ಮುಸ್ಲಿಂ ವ್ಯಾಪಾರಿ ಕೆಮ್ಮಿದರು. ಅವರ ಲಾರಿ ದಾಲ್ ಮಿಲ್ಲಿಗೆ ಹೊರಡಬೇಕಿತ್ತು. “ನಾ ಕೈ ಹಾಕಂಗಿಲ್ಲ, ಬೇಟಿ. ಬಾಯಿಲೆ ಹೇಳಿದ್ರ ನಡೀತದೇನು?”

“ನಡೀತದ್ರಿ.”

ಅವರು ದರ ಹೇಳಿದರು. ಸಾಲಿನಲ್ಲಿದ್ದ ಇನ್ನೊಬ್ಬರು ನಕ್ಕು, “ಇಷ್ಟಕ್ಕ ತೊಗರಿ ಬರ್ತದೇನ್ರಿ, ಸಾಹೇಬರ?” ಎಂದು ಅದಕ್ಕಿಂತ ಹೆಚ್ಚು ಕೂಗಿದರು. ನಾಲ್ಕು ಜನರೆದುರು ನಗೆಗೀಡಾದ ಸಾಹೇಬರು ಸುಮ್ಮನಿರುತ್ತಾರೆಯೇ? ಅದರ ಮೇಲೆ ಏರಿಸಿದರು. ಮೂರನೆಯವರಿಗೂ ರೋಷ ಬಂತು. ದರ ಏರುತ್ತಲೇ ಹೋಯಿತು. ಬೇರೆ ರಾಶಿಗಳ ರೈತರು ತಮ್ಮ ತೊಗರಿ ಬಿಟ್ಟು ನಮ್ಮ ಸುತ್ತ ಮುತ್ತಿದರು. ಅಧ್ಯಕ್ಷರು ಕುರ್ಚಿಯಿಂದ ಎದ್ದು ನಿಂತರು. ಕೊನೆಗೆ ಸಾಹೇಬರ ದರವೇ ಮೇಲಾಗಿ ಮಾಲು ಅವರದಾಯಿತು, ನನ್ನ ಕೆಲಸ ಉಳಿಯಿತು. ಅಂದಿನಿಂದ ಸಂಘ ಬಾಗಿಲು ಹಾಕುವವರೆಗೆ ನಮ್ಮ ರೈತರು ದರ ಮುಚ್ಚಿ ಹೇಳಲು ಯಾರಿಗೂ ಬಿಡಲಿಲ್ಲ.

ಜನ ಎರಡನೆಯ ರಾಶಿಯತ್ತ ಸರಿದರು. ಅಪ್ಪ ಸರಿಯಲಿಲ್ಲ. ಹತ್ತಿರ ಬಂದು ಟವೆಲ್ ಕೆಳಗೆ ಕೈ ಹಾಕಿ, ಹೊಸ್ತಿಲಲ್ಲಿ ಕಲಿತಂತೆಯೇ ನನ್ನ ಬೆರಳು ಒತ್ತಿದ. ಆ ಟವೆಲ್ ಕೆಳಗೆ ನನ್ನ ಕೈ ಹಿಡಿದವನು ಅವನೊಬ್ಬನೇ. ಅವನು ಒತ್ತಿದ್ದು ಆಗ ಕೂಗಿದ ದರವಲ್ಲ, ಹಿಂದಿನ ವರ್ಷ ಆಫೀಸಿನಲ್ಲಿ ಅವನಿಗೆ ಹೇಳಿ ಕಳಿಸಿದ್ದ ದರ.

“ಆವಾಗೂ ಹಿಂಗ ಕೂಗಿದ್ರ ಎಷ್ಟ ಬರ್ತಿತ್ತು, ಯವ್ವಾ?”

ಕೋರ್ಟಿನಲ್ಲಿ ನಾವು ಅದನ್ನು ಕೇಳಿರಲಿಲ್ಲ.