ಪರ್ಷಿಯಾದ ರಾಣಿ ಮತ್ತು ರೂತ್‌ಬಾಯಿಯ ತಾಟು

ನಾನು ಹುಟ್ಟಾ ಸಂಶಯದ ಪ್ರಾಣಿ. ಅಂಗಡಿಯವನು ಬೇಳೆಯನ್ನು ತುಸು ಹೆಚ್ಚು ತೂಗಿ ಕೊಟ್ಟರೆ, ಹುಳ ಬಿದ್ದಿರಬೇಕು ಎಂದು ಮನೆಗೆ ಬಂದು ಮೊರಕ್ಕೆ ಸುರಿದು ನೋಡುತ್ತೇನೆ. ಮರಾಠಿ ಸೀಮೆಯ ಅಂಚಿನ ನಮ್ಮೂರು ಸೋನ್ಯಾಳದ ಕನ್ನಡ ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು ನಾನು. ಇತಿಹಾಸದಿಂದ ಈ ಗುಣ ಬಂತೋ, ಈ ಗುಣವಿದ್ದದ್ದಕ್ಕೆ ಇತಿಹಾಸ ಹಿಡಿಸಿತೋ, ಅದರ ಬಗ್ಗೆಯೂ ನನಗೆ ಸಂಶಯವಿದೆ.

ನಮ್ಮೂರ ದನದ ದವಾಖಾನೆಗೆ ಕಳೆದ ವರ್ಷ ಬದಲಿಯಾಗಿ ಬಂದ ಡಾಕ್ಟರರು ಅಲಿಬಾಗ ಕಡೆಯ ಯಹೂದಿ. ಕೊಂಕಣದಲ್ಲಿ ತಲೆತಲಾಂತರದಿಂದ ಎಣ್ಣೆಯ ಗಾಣ ನಡೆಸಿ, ಶನಿವಾರ ಮಾತ್ರ ಗಾಣ ನಿಲ್ಲಿಸುತ್ತಿದ್ದುದರಿಂದ 'ಶನಿವಾರ ತೇಲಿ', ಅಂದರೆ ಶನಿವಾರದ ಗಾಣಿಗರು, ಎಂದು ಹೆಸರಾದ ಜನ. ಮನೆಮಾತು ಮರಾಠಿ. ಕನ್ನಡವನ್ನು ಡಾಕ್ಟರರು ಕಲಿತದ್ದು ಪಕ್ಕದ ದರಿಬಡಚಿಯ ಕುರಿಗಾರರಿಂದ. ಅದರಲ್ಲಿ ಅರ್ಧ ಮಾತು ಕುರಿಗೆ ಹೇಳಿದಂತೆಯೇ ಇರುತ್ತದೆ. ಹೋಳಿ ಹುಣ್ಣಿಮೆಯ ಆಸುಪಾಸಿಗೇ ತಮ್ಮದೂ ಒಂದು ಹಬ್ಬ, ಪೂರಿಮ್ ಎಂದು ಹೆಸರು, ಎಂದು ಅವರು ಒಂದು ದಿನ ಹೇಳಿದಾಗ ನನ್ನ ಕಿವಿ ನೆಟ್ಟಗಾದವು. ಹಲಗೆ ಬಾರಿಸಿ ಬೊಬ್ಬೆ ಹೊಡೆಯುವುದು ನಮ್ಮ ಹಕ್ಕು. ಅವರೂ ಗದ್ದಲ ಮಾಡುತ್ತಾರಂತೆ!

ಕಥೆ ಇದು. ಪರ್ಷಿಯಾದ ರಾಜನ ಮಂತ್ರಿ ಹಾಮಾನ ಎಂಬವನು ಯಹೂದಿಗಳನ್ನು ಬೇರುಸಹಿತ ಕಿತ್ತುಹಾಕಲು ಹೊರಟ. ಯಾವ ದಿನ ಕೊಲ್ಲಬೇಕೆಂದು ಚೀಟಿ ಹಾಕಿ ಎತ್ತಿಸಿದ. ಆ ಚೀಟಿಗೆ 'ಪೂರ್' ಎನ್ನುತ್ತಿದ್ದರು. ಹಬ್ಬದ ಹೆಸರು ಅದರಿಂದಲೇ ಬಂತು. ರಾಣಿ ಎಸ್ತೇರಳು ತಾನೂ ಯಹೂದಿ ಎಂಬುದನ್ನು ಬಚ್ಚಿಟ್ಟಿದ್ದವಳು ರಾಜನನ್ನು ಊಟಕ್ಕೆ ಕರೆದು, ಸತ್ಯ ಹೇಳಿ, ತನ್ನ ಜನರನ್ನು ಉಳಿಸಿದಳು. ಈ ಕಥೆಯಿರುವ ಸುರುಳಿ ಗ್ರಂಥವನ್ನು ಹಬ್ಬದ ದಿನ ಓದುವಾಗ ಹಾಮಾನನ ಹೆಸರು ಬಂದಲ್ಲೆಲ್ಲ ಗರಗರ ಸದ್ದಿನ ಗಿರಗಟ್ಟೆ ತಿರುಗಿಸಿ, ಕಾಲು ಬಡಿದು, ಆ ಹೆಸರು ಯಾರಿಗೂ ಕೇಳದಂತೆ ಮಾಡುತ್ತಾರೆ. ಅಂದು ಗೆಳೆಯರ ಮನೆಗೆ ಕನಿಷ್ಠ ಎರಡು ಬಗೆಯ ತಿನಿಸು ಕಳಿಸಲೇಬೇಕು.

"ನಮ್ಮ ತಾಟು ಹೋಗತಾವ್ರಿ ಗುರೂಜಿ, ಒಂದೂ ಬರೂದಿಲ್ಲ. ಬದಲಿ ಆದ ಊರಾಗ ನಮ್ಮವರು ಯಾರ ಇರತಾರ? ಹಬ್ಬದ ದಿನಾ ನಮ್ಮಾಕಿ ಬಾಗಲಾ ನೋಡಕೋತ ಕುಂದರತಾಳ," ಎಂದರು ಡಾಕ್ಟರರು. ಹೂಂ ಅಂದೆ. ನನ್ನ ಲಕ್ಷ್ಯವೆಲ್ಲ ಪರ್ಷಿಯಾದಲ್ಲಿತ್ತು.

ಒಂದು ವಾರ ಓದಿ ಕಥೆಯ ಲೋಪ ಹಿಡಿದೆ. ಆ ರಾಜ ಕ್ಸೆರ್ಕ್ಸಿಸ್ ಇರಬಹುದು ಎನ್ನುತ್ತಾರೆ, ಸರಿ. ಆದರೆ ಅವನಿಗೆ ಎಸ್ತೇರ್ ಎಂಬ ರಾಣಿ ಇದ್ದಳೆಂಬುದಕ್ಕೆ ಪರ್ಷಿಯಾದ ಕಡೆಯಿಂದ ಸಾಕ್ಷಿಯಿಲ್ಲ. ಗ್ರೀಕರು ಬೇರೆ ರಾಣಿಯ ಹೆಸರು ಹೇಳುತ್ತಾರೆ. ಎಸ್ತೇರಳ ಹೆಸರು ಬಾಬಿಲೋನಿನ ಇಷ್ಟಾರ್ ದೇವಿಯ ಹೆಸರಿನಂತೆ, ಅವಳನ್ನು ಸಾಕಿದ ಮೊರ್ದೆಕೈ ಎಂಬವನ ಹೆಸರು ಮರ್ದುಕ್ ದೇವರ ಹೆಸರಿನಂತೆ ಕೇಳುತ್ತದೆ. ಅರಮನೆಯ ವರ್ಣನೆಯೇನೋ ಅಗೆದು ತೆಗೆದ ಅವಶೇಷಗಳಿಗೆ ಹೊಂದುತ್ತದಂತೆ. ನನಗೆ ಅದರ ಮೇಲೂ ಸಂಶಯ. ಸುಳ್ಳು ಹೇಳುವವನು ಮನೆಯ ವಿಳಾಸ ಸರಿಯಾಗಿಯೇ ಹೇಳುತ್ತಾನೆ. ಎಲ್ಲಕ್ಕಿಂತ ವಿಚಿತ್ರವೆಂದರೆ, ಆ ಹೀಬ್ರೂ ಗ್ರಂಥದಲ್ಲಿ ದೇವರ ಹೆಸರೇ ಇಲ್ಲ. ಇದನ್ನೆಲ್ಲ ಗೆದ್ದವನ ಠೀವಿಯಲ್ಲಿ ಡಾಕ್ಟರರಿಗೆ ಒಪ್ಪಿಸಿದೆ.

ಅವರು ಸಿಟ್ಟಾಗಲಿಲ್ಲ. "ರಾಣಿ ಇರಲಿಕ್ಕಿಲ್ಲ, ಗುರೂಜಿ. ಹೆದರಿಕಿ ಖರೇ ಇತ್ತಲ್ಲ," ಅಂದು ಕುರಿಯ ಬಾಯಿಗೆ ಔಷಧ ಹಾಕಿದರು.

ಈ ಸಲ ಪೂರಿಮ್ ಹೋಳಿಯ ದಿನವೇ ಬಿತ್ತು. ಅಂದು ಅವರ ಹೆಂಡತಿ ರೂತ್‌ಬಾಯಿ ತಾಟು ತಂದರು. ಮೂರು ಮೂಲೆಯ ಕರ್ಚಿಕಾಯಿ, ಜೊತೆಗೆ ಬಾಳೆಹಣ್ಣು. ಕೊಟ್ಟು, ನಕ್ಕು, ಹೊರಟುಹೋದರು. ನನ್ನ ಹೆಂಡತಿ ನೀಲವ್ವ ತಾಟಿನ ಸುತ್ತ ಒಂದು ಸುತ್ತು ಬಂದಳು. ನಮ್ಮದು ಲಿಂಗ ಕಟ್ಟಿದ ಮನೆ.

"ಕರ್ಚಿಕಾಯಿಗೆ ಮೂರು ಮೂಲಿ ಯಾಕ್ರಿ? ತತ್ತಿ ಹಾಕಿರಬೇಕು."

ಕೇಳಿದರೆ ಅವಮಾನ, ತಿಂದರೆ ಪಾಪ. ಕರ್ಚಿಕಾಯಿಯನ್ನು ಬೋಗುಣಿಯಲ್ಲಿ ಮುಚ್ಚಿಟ್ಟೆವು. ಉಳಿದದ್ದು ತಾಟಿನ ಪ್ರಶ್ನೆ. ಬಂದ ತಾಟನ್ನು ನಮ್ಮ ಕಡೆ ಖಾಲಿ ತಿರುಗಿಸುವುದಿಲ್ಲ. ಹೊರಗಿನವರ ಋಣವನ್ನು ರಾತ್ರಿ ದಾಟಿಸುವುದೂ ಇಲ್ಲ. "ಹೊತ್ತು ಮುಳುಗೂದ್ರಾಗ ಮುಟ್ಟಿಸಿ ಬರ್ರಿ," ಎಂದು ನೀಲವ್ವ ಹೋಳಿಗೆ ಇಟ್ಟು, ಮೂಲೆ ಖಾಲಿ ಕಂಡಿತೆಂದು ಒಂದಿಷ್ಟು ದ್ರಾಕ್ಷಿ ತುಂಬಿದಳು. ನಾನು ಅವರ ಬಾಗಿಲಲ್ಲಿ "ನಿಮ್ಮ ತಾಟು ತಗೋರಿ" ಎಂದು ಕೊಟ್ಟು, ಒಳಗೆ ಕರೆದಾರು ಎಂಬ ಭಯಕ್ಕೆ ಲಗುಬಗೆಯಿಂದ ತಿರುಗಿದೆ.

ಸ್ವಲ್ಪ ಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ನಮ್ಮ ಬಾಗಿಲಿಗೆ ಬಂದರು. ರೂತ್‌ಬಾಯಿಯ ಕಣ್ಣು ತುಂಬಿದ್ದವು. ಮರಾಠಿಯಲ್ಲಿ ಒಂದೇ ಸಮನೆ ಹೇಳಿದರು: ಮದುವೆಯಾಗಿ ಊರೂರು ತಿರುಗಿದ ಮೇಲೆ ಪೂರಿಮ್ ದಿನ ತಮ್ಮ ಮನೆಗೆ ತಾಟು ಬಂದದ್ದು ಇದೇ ಮೊದಲು, ಗುರೂಜಿ ಗ್ರಂಥ ಓದಿ, ರೀತಿ ತಿಳಿದು, ಸರಿಯಾಗಿ ಎರಡು ಪದಾರ್ಥ ಇಟ್ಟು ಕಳಿಸಿದ್ದಾರೆ, ಠಾಣೆ ಶಹರದಲ್ಲಿರುವ ಅಕ್ಕನಿಗೆ ಫೋನು ಮಾಡಿ ಹೇಳಿಯೂ ಆಯಿತು. ಆಮೇಲೆ ಕನ್ನಡಕ್ಕೆ ಹೊರಳಿ ಕೇಳಿದರು:

"ಕರ್ಚಿಕಾಯಿ ಚಲೋ ಆಗಿದ್ದೂವೇನ್ರಿ, ವೈನಿ? ನಿಮಗ ನಡೀಬೇಕಂತ ತತ್ತಿ ಹಾಕಲಿಲ್ಲ, ತುಪ್ಪದಾಗ ಮಾಡೀನಿ."

ನಾನು ನೀಲವ್ವನ ಮುಖ ನೋಡಿದೆ. ಅವಳು ಅಡುಗೆಮನೆಗೆ ಹೋಗಿ ಬೋಗುಣಿ ತಂದಳು. "ನೀವು ಬರತೀರಿ, ಕೂಡಿ ತಿನ್ನೂಣು ಅಂತ ಇಟ್ಟಿದ್ವಿ. ಕುಂದ್ರಿ ಅಕ್ಕಾರ," ಎಂದಳು. ನಲವತ್ತು ವರ್ಷ ಸಂಸಾರ ಮಾಡಿದ ನನಗೇ ಅದು ಖರೆ ಅನ್ನಿಸಿತು. ತಿಂದೆವು. ಕೊಬ್ಬರಿ, ಗಸಗಸೆ, ಏಲಕ್ಕಿ. ಎರಡನೆಯದನ್ನು ನಾನಾಗಿಯೇ ಎತ್ತಿಕೊಂಡೆ. ರೂತ್‌ಬಾಯಿ ನಗುತ್ತ ಕಣ್ಣೊರೆಸಿಕೊಂಡಾಗ ನನಗೆ ಭಾರೀ ಸಂತೋಷವಾಯಿತು, ಅಷ್ಟೇ ನಾಚಿಕೆಯೂ ಆಯಿತು.

ಸಾಕ್ಷಿಯಿಲ್ಲದ ರಾಣಿಯನ್ನು ಪ್ರಶ್ನಿಸಿದವನು ನಾನು. ಈಗ ಠಾಣೆ ಶಹರದ ತನಕ ಹೋದ ಈ ವೃತ್ತಾಂತಕ್ಕೆ ಇರುವ ಸಾಕ್ಷಿಗಳು ನಾನು, ನೀಲವ್ವ ಇಬ್ಬರೇ, ಇಬ್ಬರಿಗೂ ಅದು ಹಾಗೆ ನಡೆದಿಲ್ಲವೆಂದು ಗೊತ್ತು. ತಿದ್ದಬೇಕೆಂದು ಬಾಯಿ ತೆರೆದೆ. ಡಾಕ್ಟರರು ನನ್ನನ್ನೇ ನೋಡುತ್ತಿದ್ದರು. ಅವರಿಗೆ ತಿಳಿದಿದೆ ಎಂದು ನನಗೆ ಬಲವಾದ ಸಂಶಯ. ಇನ್ನೊಂದು ಕರ್ಚಿಕಾಯಿ ಬಾಯಿಗೆ ಹಾಕಿಕೊಂಡೆ.

ಅವರು ಹೋದ ಮೇಲೆ ನೀಲವ್ವ, "ಮುಂದಿನ ವರ್ಷ ಅವರ ಹಬ್ಬ ಎಂದು ಬರತದ ಕೇಳಿ ಇಡ್ರಿ. ಅವರು ತರೂಕಿಂತ ಮೊದಲ ನಾವ ಕಳಸೂಣು," ಎಂದಳು. ಆಗಲಿ ಎಂದೆ. ಕಳಿಸುತ್ತೇವೆ, ಮನಸಾರೆಯೇ ಕಳಿಸುತ್ತೇವೆ. ನನ್ನ ಸಂಶಯ ಈಗ ಒಂದೇ: ನಾಲ್ಕಾರು ವರ್ಷ ಹಾಗೆ ಕಳಿಸಿದ ಮೇಲೆ, ಮೊದಲ ಸಲ ಕಳಿಸಿದ್ದೂ ಮನಸಾರೆಯೇ ಎಂದು ನಾನೇ ಆಣೆ ಮಾಡಿ ಹೇಳಿಬಿಟ್ಟೇನು.