ನಾಮಪದಕ್ಕೆ ಕಟ್ಟುವ ಬಾಲ

ಇಂಗ್ಲಿಷ್ ನಾಮಪದಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಕಳಸದ ಹತ್ತಿರದ ಒಂದು ಎಸ್ಟೇಟಿನಲ್ಲಿ ಹನ್ನೊಂದು ವರ್ಷ ಕಾಫಿ ಒಣಗಿಸುವ ಕಣ ನೋಡಿಕೊಂಡವಳು ನಾನು. ಬಿಸಿಲಲ್ಲಿ ನಿಂತು ನಿಂತು ಸೊಂಟ ಹೋಗಿತ್ತು. ಎಸ್ಟೇಟಿನ ಸಾವ್ಕಾರ್ರು ಹೋಂಸ್ಟೇ ಕಟ್ಟಿಸಿ, ಇಂಗ್ಲಿಷ್ ಪರೀಕ್ಷೆ ಪಾಸಾದವರಿಗೆ ಮ್ಯಾನೇಜರ್ ಕೆಲಸ ಅಂದಾಗ ಆ ಕುರ್ಚಿ ನನಗೆ ಬೇಕೇ ಬೇಕು ಅನ್ನಿಸಿತು. ಆಸೆಪಟ್ಟ ಇನ್ನೊಬ್ಬ ಎಂದರೆ ಆಳುಗಳ ಹಾಜರಿ ಬರೆಯುವ ರೈಟರ್.

ಕಲಿಸಲು ಚಿಕ್ಕಮಗಳೂರಿನಿಂದ ಮೇಷ್ಟರು ಬಂದರು. ನಾಮಪದಕ್ಕೆ ಒಂದು ಬಾಲ ಕಟ್ಟಿದರೆ ವಿಶೇಷಣ, ಅದಕ್ಕೆ ಮತ್ತೊಂದು ಕಟ್ಟಿದರೆ ಕ್ರಿಯಾವಿಶೇಷಣ ಅಂದರು. ಬ್ಯೂಟಿ, ಬ್ಯೂಟಿಫುಲ್, ಬ್ಯೂಟಿಫುಲಿ. ಸರಿ, ಅದೇ ಬಾಲವನ್ನು ಡೇಂಜರ್‌ಗೆ ಕಟ್ಟಿದೆ. ಆಗುವುದಿಲ್ಲವಂತೆ, ಅದು ಡೇಂಜರಸ್. ಫ್ರೆಂಡ್ಲಿ ಎಂಬುದಕ್ಕೆ ಕ್ರಿಯಾವಿಶೇಷಣದ ಬಾಲವಿದ್ದರೂ ಅದು ವಿಶೇಷಣವಂತೆ. ನಮ್ಮಲ್ಲಿ ಸುಂದರವಾದ, ಸುಂದರವಾಗಿ ಎಂದರೆ ಮುಗಿಯಿತು. ಇವರದ್ದು ತಲೆಬುಡವಿಲ್ಲದ ಸಂಸಾರ. ಆದರೂ ಒಲೆಯ ಮುಂದೆ ಕೂತು ಎಲ್ಲ ಬಾಯಿಪಾಠ ಮಾಡಿದೆ.

ಜನವರಿಯ ಒಂದು ಮಧ್ಯಾಹ್ನ ಪರೀಕ್ಷೆ. ಮೂವತ್ತು ನಾಮಪದಕ್ಕೆ ಬಾಲ ಕಟ್ಟಬೇಕು, ಅರ್ಧ ಗಂಟೆ. ಹನ್ನೆರಡನೆಯದಕ್ಕೆ ಬಂದಿದ್ದೆ, ಹೆಂಚಿನ ಮೇಲೆ ಹನಿ ಬಿದ್ದ ಸದ್ದಾಯಿತು. ಕಣದ ತುಂಬ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ಪಾರ್ಚ್‌ಮೆಂಟ್ ಕಾಫಿ ಹರಡಿತ್ತು. ನೆನೆದರೆ ಬಣ್ಣ ಹೋಗಿ ಬೂಷ್ಟು ವಾಸನೆ ಬರುತ್ತದೆ. ಕಣದ ಮೇಲೆ ಹನಿ ಬಿತ್ತೆಂದರೆ ಕೈಯಲ್ಲಿದ್ದುದನ್ನು ಬಿಟ್ಟು ಎಲ್ಲರೂ ಓಡಬೇಕು, ಊಟದ ಎಲೆಯ ಮುಂದೆ ಕೂತವರೂ ಏಳಬೇಕು. ನಮ್ಮ ಕಡೆ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ನಾನು ಪೆನ್ನು ಬಿಸಾಡಿ ಓಡಿದೆ. ಆ ರೈಟರ್ ಮಾತ್ರ ತಲೆ ಎತ್ತಲಿಲ್ಲ.

ಕಾಫಿ ಗುಡ್ಡೆ ಮಾಡಿ ಟಾರ್ಪಾಲು ಎಳೆಯುವಾಗ ಅದರ ಇನ್ನೊಂದು ತುದಿ ಹಿಡಿದವರು ಸ್ವತಃ ಸಾವ್ಕಾರ್ರು. ಒಂದು ಕಾಳೂ ನೆನೆಯಲಿಲ್ಲ. ಒದ್ದೆ ಸೀರೆಯಲ್ಲಿ ವಾಪಸು ಬರುವಷ್ಟರಲ್ಲಿ ಮೇಷ್ಟರು ಹಾಳೆ ಎತ್ತಿಕೊಂಡಿದ್ದರು.

ಕೆಲಸ ರೈಟರಿಗಾಯಿತು.

"ನೀನು ಮಧ್ಯದಲ್ಲಿ ಎದ್ದು ಹೋದ್ಯಲ್ಲ ಮಾರಾಯ್ತಿ" ಅಂದರು ಸಾವ್ಕಾರ್ರು.

"ನೀವೂ ಓಡಿ ಬಂದಿದ್ರಲ್ಲ?"

"ಕಾಫಿ ನಂದು, ಬಂದೆ. ಪರೀಕ್ಷೆ ನಿಂದಾಗಿತ್ತು."

ಹಲ್ಲು ಕಚ್ಚಿಕೊಂಡು ಮನೆಗೆ ಬಂದೆ. ಮರುದಿನ ಚುರುಕು ಬಿಸಿಲು. ಟಾರ್ಪಾಲು ತೆಗೆದು ಅವರ ಕಾಫಿಯನ್ನು ಮತ್ತೆ ಹರಡಿದವಳೂ ನಾನೇ. ಅವರ ಮೇಲಿನ ಸಿಟ್ಟು ಹಾಗಿರಲಿ, ನನ್ನ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ.