ಅವ್ವ ಕಟ್ಟಿದ ಕರಿದಾರ

ಹೈದರಾಬಾದ್ ಸಂಸ್ಥಾನದಲ್ಲಿ ಪೊಲೀಸ್ ಆ್ಯಕ್ಷನ್ ಆದ ಮರುವರ್ಷ ನನ್ನ ಕೈ ನಡುಗಲು ಶುರುವಾಯಿತು. ನನಗಾಗ ಹತ್ತು ವರ್ಷ. ನಾಲ್ಕು ರೊಟ್ಟಿ ತಿಂದರೂ ಹಸಿವು, ಮೈ ಮಾತ್ರ ಕಡ್ಡಿ. ಸುಮ್ಮನೆ ಕುಳಿತರೂ ಎದೆ ಡಬಡಬ. ರಜಾಕಾರರ ಗಲಾಟೆಯಲ್ಲಿ ಹುಡುಗಿ ಅಂಜಿಕೊಂಡಿದ್ದಾಳೆ ಎಂದು ಕಮಲಾಪುರದ ಮಂದಿಯೆಲ್ಲ ತೀರ್ಮಾನ ಮಾಡಿಬಿಟ್ಟರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆ ಸಿಟ್ಟೂ ರೋಗದ್ದೇ ಎಂದು ಆಮೇಲೆ ತಿಳಿಯಿತು.

ಕಲಬುರಗಿಯ ಡಾಕ್ಟರು ಕೊರಳು ಮುಟ್ಟಿ ನೋಡಿ, ಇದು ಅಂಜಿಕೆಯಲ್ಲ, ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿದೆ ಎಂದರು. ಹೈದರಾಬಾದಿನಿಂದ ಗುಳಿಗೆ ತರಿಸಿದರು. ಎರಡು ವರ್ಷ ನುಂಗಿದೆ. ಮೊದಲ ವರ್ಷ ಓಡುವಂತಿಲ್ಲ, ಶಾಲೆಗೂ ಹೋಗುವಂತಿಲ್ಲ. ಓರಗೆಯವರು ಮುಂದಿನ ತರಗತಿಗೆ ಹೋದರು, ನಾನು ಕಟ್ಟೆಯ ಮೇಲೆ ಕೂತು ಅವರನ್ನು ಬೈಯುತ್ತಿದ್ದೆ. ಕೊನೆಗೂ ಮೈ ತುಂಬಿತು, ಶಾಲೆಗೆ ಮರಳಿದೆ, ಗುಳಿಗೆ ನಿಂತಿತು.

ನಿಲ್ಲಿಸಿದ ದಿನ ಡಾಕ್ಟರು ಅವ್ವನಿಗೆ ಹೇಳಿದರು: "ಮಕ್ಕಳಿಗೆ ಇದು ವಾಪಸ್ ಬರೋದು ಜಾಸ್ತಿ ಅಮ್ಮಾ. ಕೊರಳು ಉಬ್ಬತದೇನಂತ ನಿಗಾ ಇಡ್ರಿ. ಮತ್ತ ಬಂತಂದ್ರ ಆಪರೇಷನ್ ಮಾಡಬೇಕಾಗಬಹುದು."

ನಿಗಾ ಇಡಲು ಅವ್ವ ತನ್ನದೇ ಉಪಾಯ ಹುಡುಕಿದಳು. ಒಂದು ಬೆರಳು ಆಡುವಷ್ಟು ಸಡಿಲ ಬಿಟ್ಟು ನನ್ನ ಕೊರಳಿಗೆ ಕರಿದಾರ ಕಟ್ಟಿದಳು. ಪ್ರತಿ ಸೋಮವಾರ ನನಗೆ ನೀರೆರೆದ ಮೇಲೆ ದಾರದೊಳಗೆ ಬೆರಳು ತೂರಿಸಿ ನೋಡುವಳು. ಅಲ್ಲಿಯತನಕ ನಾನು ಉಸಿರು ಬಿಗಿಹಿಡಿದು ನಿಂತಿರುತ್ತಿದ್ದೆ.

ಆರು ತಿಂಗಳಿಗೆ ದಾರ ಬಿಗಿಯಾಯಿತು. ಮೊದಲು ಗೊತ್ತಾದದ್ದು ನನಗೇ. ಆಪರೇಷನ್ನಿಗಿಂತ ನನಗೆ ಶಾಲೆ ಬಿಡಿಸುತ್ತಾರೆಂಬ ಭಯ ದೊಡ್ಡದಾಗಿತ್ತು. ಬಚ್ಚಲಿನಲ್ಲಿ ಕದ ಹಾಕಿಕೊಂಡು ಗಂಟು ಬಿಚ್ಚಿ, ಸಡಿಲಾಗಿ ಮತ್ತೆ ಕಟ್ಟಿದೆ. ಸೋಮವಾರ ಅವ್ವನ ಬೆರಳು ಸಲೀಸಾಗಿ ಆಡಿತು. ನಾಚಿಕೆಯಾಯಿತು, ಸಮಾಧಾನವೂ ಆಯಿತು. ವಿಚಿತ್ರವೆಂದರೆ, ಆಮೇಲೆ ದಾರ ಬಿಗಿಯಾಗಲೇ ಇಲ್ಲ. ಎದೆ ಮಾತ್ರ ಮತ್ತೆ ಡಬಡಬ ಎನ್ನುತ್ತಿತ್ತು.

ಒಂದು ದಿನ ಚಹಾ ಹಿಡಿದಾಗ ನನ್ನ ಕೈಯಲ್ಲಿ ಕಪ್ಪೂ ಬಸಿಯೂ ಕಟಕಟ ಎಂದವು. ಮರುದಿನ ಮೊದಲ ಬಸ್ಸಿಗೇ ಕಲಬುರಗಿಗೆ ಹೊರಟೆವು.

"ವಾಪಸ್ ಬಂದದ," ಎಂದರು ಡಾಕ್ಟರು. "ಕೊರಳು ಇಷ್ಟು ಉಬ್ಬೇದ, ನೀವು ನೋಡೇ ಇಲ್ಲೇನು?"

ಅವ್ವ ತಲೆ ತಗ್ಗಿಸಿದಳು. ನನಗೆ ತಡೆಯಲಾಗಲಿಲ್ಲ. "ಅವ್ವಂದು ತಪ್ಪಿಲ್ಲರೀ. ದಾರ ನಾನೇ ಸಡಿಲ ಮಾಡೀನಿ," ಎಂದು ಅತ್ತುಬಿಟ್ಟೆ. ಕಪಾಳಕ್ಕೆ ಬೀಳುತ್ತದೆ ಎಂದುಕೊಂಡಿದ್ದೆ.

"ನಾನೂ ಮಾಡೀನಿ," ಎಂದಳು ಅವ್ವ. "ಎರಡು ಸಲ. ಇಕಿ ತಲಿ ಬಾಚೋವಾಗ. ಕೊರಳು ಕೊಯ್ತಾರಂತ ಅಂಜಿಕಿ ಆತ್ರೀ."

ಡಾಕ್ಟರು ಬೈಯಲಿಲ್ಲ. ಸದ್ಯ ಗುಳಿಗೆಯನ್ನೇ ಮತ್ತೆ ಶುರುಮಾಡೋಣ, ಇಳಿಯದಿದ್ದರೆ ಆಪರೇಷನ್ ಎಂದರು. ಮನೆಯಲ್ಲಿ ದಿನಾ ನಾಡಿ ಎಣಿಸಬೇಕೆಂದು ಅವ್ವನ ಬೆರಳನ್ನು ನನ್ನ ಮಣಿಕಟ್ಟಿನ ಮೇಲಿಟ್ಟು, ತಮ್ಮ ಗಡಿಯಾರ ಹಿಡಿದರು.

"ಒಂದು ನಿಮಿಷ ಎಣಸ್ರಿ. ಸಾಕು ಅನ್ನೋತನಕ ನಿಲ್ಲಸಬ್ಯಾಡ್ರಿ."

ಅವ್ವ ಗಟ್ಟಿಯಾಗಿ ಎಣಿಸಿದಳು. ಅವಳಿಗೆ ನೂರರ ತನಕ ಮಾತ್ರ ಎಣಿಕೆ ಬರುತ್ತಿತ್ತು. ನೂರು ಮುಗಿಯಿತು, ಡಾಕ್ಟರು ಇನ್ನೂ ಸಾಕು ಎಂದಿರಲಿಲ್ಲ. ಅವಳು ಒಮ್ಮೆ ನನ್ನ ಮುಖ ನೋಡಿ, ಬೆರಳು ತೆಗೆಯದೆ, ಮತ್ತೆ ಒಂದರಿಂದ ಶುರುಮಾಡಿದಳು.